ಒಗೆಯಬಾರದಿದ್ದ ಕೋಟು

ನಾಯಿಯ ಜಾತಿ ಬರೆಯುವ ಕಾಲಂನಲ್ಲಿ ನಾನು ಮೊದಲು ‘ಮಿಶ್ರ’ ಎಂದು ಬರೆದಿದ್ದೆ. ನಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ಅದರ ಜಾತಿಯ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ನನ್ನ ಮಟ್ಟಿಗೆ ಮಿಶ್ರವೇ. ಮೇಜಿನ ಆಚೆ ನಿಂತಿದ್ದ ಫ್ರೆಂಚ್ ಯಜಮಾನರು ಕನ್ನಡಕ ಏರಿಸಿಕೊಂಡು ಪರದೆಯನ್ನು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ‘ಮಿಶ್ರ ಅಲ್ಲ ಮೇಡಂ, ಪೋರ್ಸೆಲೇನ್’ ಎಂದು ಹೇಳಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಆಮೇಲೆ ತಿದ್ದಿದರಾಯಿತು ಎಂದು ಚೀಟಿಯಲ್ಲಿ ಗೀಚಿಕೊಂಡೆ. ಹಾಗೆಂದರೆ ಪಿಂಗಾಣಿಯಂತೆ. ನಾಯಿಯನ್ನು ನೋಡಿದರೆ ಹೆಸರು ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಹಾಲಿನ ಬಿಳಿಪು, ಕೂದಲು ಎಷ್ಟು ತೆಳುವೆಂದರೆ ಒಳಗಿನ ನಸುಗೆಂಪು ಚರ್ಮವೂ ಅದರ ಮೇಲಿನ ಕಪ್ಪು ಚುಕ್ಕೆಗಳೂ ಕಾಣುತ್ತಿದ್ದವು. ಉದ್ದನೆಯ ಕಿವಿಗಳು ತುದಿಗೆ ಚೂಪಾಗಿ ಒಳಕ್ಕೆ ಸುರುಳಿಕೊಂಡಿದ್ದವು, ಅವುಗಳ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳು. ಹೆಸರು ಟಾಂಬೂರ್, ಅವರ ಭಾಷೆಯಲ್ಲಿ ಡೋಲು. ಹೆಸರಿಗೆ ಡೋಲಾದರೂ ಬಂದಾಗಿನಿಂದ ಒಂದು ಸದ್ದು ಮಾಡಿರಲಿಲ್ಲ.

ನಮ್ಮ ಬೋರ್ಡಿಂಗ್ ಕೆನೆಲ್ ಇರುವುದು ಬಹ್ರೇನಿನ ರಿಫಾದ ದಕ್ಷಿಣಕ್ಕೆ, ವಿಲ್ಲಾಗಳು ಮುಗಿದು ಬರೀ ಮರಳು ಶುರುವಾಗುವ ಕಡೆ. ಊರಿಗೆ ರಜೆಗೆ ಹೋಗುವವರು ನಾಯಿ ಬೆಕ್ಕುಗಳನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಾರೆ. ನಾನು ಅಲ್ಲಿನ ಸೂಪರ್‌ವೈಸರ್. ಅಂದು ಗುರುವಾರ ಸಂಜೆ, ಜೂನ್ ತಿಂಗಳು, ಯಜಮಾನರ ಹಿಂದೆ ಏಳು ಜನರ ಸಾಲು. ಅವರು ರಜೆಗೆ ಹೊರಟವರಲ್ಲ. ನಿವೃತ್ತ ಎಂಜಿನಿಯರ್, ಹೆಂಡತಿ ತೀರಿಕೊಂಡ ಮೇಲೆ ಜುಫೈರ್‌ನ ಫ್ಲ್ಯಾಟಿನಲ್ಲಿ ಈ ನಾಯಿಯ ಜೊತೆ ಒಬ್ಬರೇ ಇದ್ದವರು. ಮರುದಿನ ಆಸ್ಪತ್ರೆಗೆ ಸೇರಬೇಕಿತ್ತು. ಮುಂದಿನ ಬುಧವಾರ ಹೃದಯದ ಬೈಪಾಸ್ ಆಪರೇಶನ್.

ಸಾಲು ಎಷ್ಟೇ ಉದ್ದವಿದ್ದರೂ ಅವರು ನಾಯಿಯ ಕತೆ ಹೇಳಿಯೇ ಹೇಳಿದರು. ಫ್ರಾನ್ಸಿನ ಪೂರ್ವಕ್ಕೆ, ಸ್ವಿಟ್ಜರ್ಲೆಂಡಿಗೆ ತಾಗಿದ ಸೀಮೆಯ ಹಳೆಯ ಬೇಟೆನಾಯಿ ಇದು. ಒಂದು ಕಾಲದಲ್ಲಿ ಜಮೀನ್ದಾರರ ಮನೆಗಳಲ್ಲಿ ಹಿಂಡುಹಿಂಡಾಗಿ ಇರುತ್ತಿತ್ತು. ಅಲ್ಲಿ ಕ್ರಾಂತಿಯಾಗಿ ದೊರೆಗಳ ತಲೆ ಉರುಳಿದಾಗ ಅವರ ನಾಯಿಗಳಿಗೂ ದಿಕ್ಕಿಲ್ಲದಾಯಿತು. ಹಿಂಡುಗಳು ಚದುರಿದವು, ಜಾತಿಯೇ ಅಳಿದುಹೋಯಿತೆಂದು ಎಲ್ಲರೂ ಎಣಿಸಿದರು. ಆಮೇಲೆ ಗಡಿಯಾಚೆ ಸ್ವಿಸ್ ಕಡೆ ಉಳಿದಿದ್ದ ನಾಯಿಗಳಿಂದ ಅದನ್ನು ಮತ್ತೆ ಬೆಳೆಸಿದರಂತೆ. ಇಂದಿಗೂ ತೀರ ಕಡಿಮೆ. ಮೊಲ, ಜಿಂಕೆಗಳ ಬೇಟೆಗೆ ಹೇಳಿ ಮಾಡಿಸಿದ್ದು. ಕಣ್ಣಲ್ಲ, ಮೂಗೇ ಅದರ ಬಂಡವಾಳ. ಮನೆಯಲ್ಲಿ ಹಸುವಿನಷ್ಟು ಸಾಧು, ಆದರೆ ಮೂಗು ಒಮ್ಮೆ ನೆಲಕ್ಕೆ ಅಂಟಿತೆಂದರೆ ಸ್ವಂತ ಹೆಸರನ್ನೂ ಮರೆಯುತ್ತದೆ.

ನಾನು ಹೂಂಗುಟ್ಟುತ್ತಿದ್ದೆ. ತಮ್ಮ ನಾಯಿ ಲೋಕದಲ್ಲೇ ಅಪರೂಪ ಎನ್ನದ ಮಾಲೀಕರನ್ನು ನಾನಿನ್ನೂ ಕಂಡಿಲ್ಲ. ‘ವಿಶೇಷ ಸೂಚನೆ’ಯ ಜಾಗದಲ್ಲಿ ನಾನು ಬರೆದುಕೊಂಡದ್ದು ಎರಡೇ ಸಾಲು: ಚರ್ಮ ಬಿಸಿಲಿಗೆ ಸುಡುತ್ತದೆ, ಹಗಲು ಹೊರಗೆ ಬಿಡಬಾರದು, ಕಿವಿ ವಾರಕ್ಕೆ ಎರಡು ಸಲ ಒರೆಸಬೇಕು. ಮೂಗಿನ ಮಾತು ಬರೆಯಲಿಲ್ಲ.

ಕೊನೆಗೆ ಅವರು ಚೀಲದಿಂದ ಹಳೆಯ ಹಸಿರು ಬೇಟೆ ಕೋಟೊಂದನ್ನು ತೆಗೆದು ಕೊಟ್ಟರು. ಅವರು ಅದನ್ನು ಬಹಳ ವರ್ಷ ತೊಟ್ಟದ್ದೆಂದು ಮೂಗಿಗೇ ತಿಳಿಯುತ್ತಿತ್ತು. ಇದನ್ನು ಅವನ ಹಾಸಿಗೆಯಲ್ಲಿ ಹಾಕಿ, ದಯವಿಟ್ಟು ಒಗೆಯಬೇಡಿ ಎಂದರು.

ನಾನು ಒಗೆದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ. ನಮ್ಮ ಕಡೆ ಬೇಡ ಎಂದವರಿಗೇ ಇನ್ನೊಂದು ಸೌಟು ಬಡಿಸುವುದು. ಬಂದವರು ‘ತೊಂದರೆ ತೆಗೊಳ್ಳಬೇಡಿ’ ಎಂದರೆ ತೊಂದರೆ ತೆಗೆದುಕೊಳ್ಳಿ ಎಂದೇ ಅರ್ಥ. ಮೊದಲ ಮಾತಿಗೆ ಹೂಂ ಎನ್ನುವವನು ಮರ್ಯಾದೆ ತಿಳಿಯದವನು. ಒಂಟಿ ಮುದುಕರು, ಬುಧವಾರ ಎದೆ ಕೊಯ್ಯಿಸಿಕೊಳ್ಳುವವರು, ತಮ್ಮ ಕೊಳೆ ಬಟ್ಟೆಯನ್ನು ಪರ ಹೆಂಗಸಿನ ಕೈಗೆ ಕೊಟ್ಟು ಒಗೆಯಿರಿ ಎನ್ನುತ್ತಾರೆಯೇ? ಅದು ಸಂಕೋಚದ ಮಾತು ಎಂದೇ ನಾನು ತಿಳಿದೆ. ಹೊರಗಿನ ಬಟ್ಟೆಯಿಂದ ಉಣ್ಣಿ, ಕಜ್ಜಿ ಬರಬಾರದೆಂದು ಬಿಸಿನೀರಿನಲ್ಲಿ ಒಗೆಯಬೇಕೆಂಬ ನಿಯಮವೂ ನಮ್ಮಲ್ಲಿತ್ತು, ನಿಜ. ಆದರೆ ಅದು ನೆಪ. ಶುಕ್ರವಾರ ಬೆಳಿಗ್ಗೆ ನಾನೇ ಕೈಯಾರೆ, ಸೋಂಕುನಾಶಕ ಹಾಕಿ, ಕಾಲರನ್ನು ಬ್ರಷ್‌ನಿಂದ ಉಜ್ಜಿ ಒಗೆದೆ. ಬಿಸಿಲಿಗೆ ಹಾಕಿದೆ, ಇಸ್ತ್ರಿ ಮಾಡಿದೆ. ಅವರು ಗುಣವಾಗಿ ಬಂದಾಗ ಖುಷಿಪಡಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಫೀಸಿನ ಕಪಾಟಿನಲ್ಲಿಟ್ಟೆ. ಟಾಂಬೂರ್‌ಗೆ ಕೆನೆಲ್‌ನದೇ ಹೊಸ ಚಾದರ ಹಾಸಿದೆ. ಅವನು ಅದನ್ನು ಒಂದು ಸಲ ಮೂಸಿ, ಪಕ್ಕದ ಸಿಮೆಂಟಿನ ಮೇಲೆ ಮಲಗಿದ. ಸೆಕೆಗೆ ತಂಪು ಹುಡುಕುತ್ತಿದ್ದಾನೆ ಎಂದುಕೊಂಡೆ.

ಸೋಮವಾರ ನಸುಕಿಗೆ, ನಾಲ್ಕೂವರೆಗೆ, ಹಿಂದಿನ ಗೇಟಿನಿಂದ ಅವನನ್ನು ನಡೆಸಲು ನಾನೇ ಕರೆದುಕೊಂಡು ಹೋದೆ. ಇಂಥ ನಾಯಿಗಳ ಕುತ್ತಿಗೆಗೂ ತಲೆಗೂ ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ, ಎದೆಗೆ ಬಿಗಿಯುವ ಪಟ್ಟಿಯೇ ಬೇಕು. ನನಗೆ ಅದು ಗೊತ್ತಿತ್ತು. ಆದರೆ ಇಷ್ಟು ಸಾಧು ನಾಯಿಗೆ ಯಾಕೆ ಎಂದು ಬರೀ ಕೊರಳಪಟ್ಟಿ ಹಾಕಿದ್ದೆ. ಗೇಟು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ. ಅವನ ಮೂಗು ಮರಳಿಗೆ ಇಳಿಯಿತು. ಅಲ್ಲಿ ಹಾದುಹೋದದ್ದು ಮೊಲವೋ ಮುಂಗುಸಿಯೋ ನನಗೆ ಗೊತ್ತಿಲ್ಲ. ಹಗ್ಗ ಎಳೆದೆ. ಅವನು ತಲೆ ತಗ್ಗಿಸಿ ಒಂದು ಸಲ ಹಿಂದಕ್ಕೆ ಜಗ್ಗಿದ, ಪಟ್ಟಿ ಕಿವಿಗಳ ಮೇಲಿಂದ ಜಾರಿ ನನ್ನ ಕೈಯಲ್ಲಿ ಉಳಿಯಿತು.

ಆಗ ಮೊದಲ ಬಾರಿಗೆ ಅವನ ಸ್ವರ ಕೇಳಿದೆ. ಅದು ಬೊಗಳುವುದಲ್ಲ. ಭಾಗವತರು ಪದ ಎತ್ತುವ ಮುಂಚೆ ಎಳೆಯುವ ಆಲಾಪದ ಹಾಗೆ, ಉದ್ದಕ್ಕೆ, ಒಡೆಯದೆ ಬಂತು. ಅವಾಲಿಯ ಕಡೆಗೆ, ತೈಲದ ಪೈಪುಗಳು ಹಾದುಹೋಗುವ ಬಯಲಿಗೆ ಅದು ದೂರವಾಗುತ್ತಾ ಹೋಯಿತು. ನಾನು ಚಪ್ಪಲಿ ಬಿಟ್ಟು ಓಡಿದೆ. ನಲವತ್ತಾರು ವಯಸ್ಸಿನ ಹೆಂಗಸು ಎಷ್ಟು ಓಡಬಹುದು?

ನಮ್ಮ ಅರ್ಬಾಬ್, ಅಂದರೆ ಕೆನೆಲ್‌ನ ಧಣಿ, ಅರ್ಧ ಗಂಟೆಯಲ್ಲಿ ಜೀಪು ತಂದರು. ಅವರು ಬಹ್ರೇನಿನವರೇ, ಸಲೂಕಿ ನಾಯಿಗಳನ್ನು ಸಾಕುವುದರಲ್ಲಿ ಎತ್ತಿದ ಕೈ. ಸಲೂಕಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಅದು ತಪ್ಪಿಸಿಕೊಂಡರೆ ದಿಬ್ಬದ ಮೇಲೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯಬೇಕು, ಹೆಸರು ಕೂಗಬೇಕು. ದೂರದಿಂದ ಗಾಡಿಯನ್ನು ಕಂಡು ಅದೇ ಓಡಿಬರುತ್ತದೆ. ಅಜ್ಜನ ಕಾಲದಿಂದ ಬಂದ ವಿದ್ಯೆ, ಅದರಲ್ಲಿ ತಪ್ಪಿಲ್ಲ. ನಾಯಿ ಬೇರೆಯಾಗಿತ್ತು, ಅಷ್ಟೇ. ಎರಡು ಜೀಪು, ನಮ್ಮ ವ್ಯಾನು, ಅರ್ಬಾಬರ ಗೆಳೆಯರು, ಎಲ್ಲ ಸೇರಿ ಇಡೀ ಬಯಲು ಉತ್ತ ಹಾಗೆ ಓಡಾಡಿದೆವು. ಅವನು ಮೂಸಿಕೊಂಡು ಹೋದ ದಾರಿ, ಮೂಸಿಕೊಂಡು ಹಿಂದೆ ಬರಬೇಕಾಗಿದ್ದ ದಾರಿ, ಎಲ್ಲದರ ಮೇಲೂ ನಮ್ಮ ಟಯರು, ಡೀಸೆಲ್, ಬೂಟುಗಳ ವಾಸನೆ ಬಳಿದೆವು.

ವ್ಯಾನು ಓಡಿಸುತ್ತಿದ್ದವರು ಉಳ್ಳಾಲ ಕಡೆಯ ಬ್ಯಾರಿ ಡ್ರೈವರ್. ನನಗಿಂತ ಹತ್ತು ವರ್ಷ ದೊಡ್ಡವರು, ನನಗೆ ಕಾಕ, ಅವರಿಗೆ ನಾನು ಬಾಯಮ್ಮ. ಎರಡು ಗಂಟೆ ವ್ಯಾನು ಓಡಿಸಿದ ಮೇಲೆ ಅವರು ಹೇಳಿದರು.

“ಬಾಯಮ್ಮ, ನಾವು ಹುಡುಕುದಾ, ಓಡಿಸುದಾ? ಇಷ್ಟು ಹಾರ್ನ್ ಹೊಡೆದ್ರೆ ನಾನಾದ್ರೂ ಬರುದಿಲ್ಲ.”

ನಾನು ಅವರ ಮೇಲೆ ರೇಗಿದೆ. ಆ ಹೊತ್ತಿಗೆ ಯಾರ ಮೇಲಾದರೂ ರೇಗಬೇಕಿತ್ತು.

ಹತ್ತು ಗಂಟೆಯ ಬಿಸಿಲಿಗೆ ಬಯಲಿನಲ್ಲಿ ನಿಲ್ಲಲಾಗಲಿಲ್ಲ. ಪೈಪುಗಳ ಕೆಳಗಿನ ನೆರಳನ್ನು ಒಂದೊಂದಾಗಿ ಬಗ್ಗಿ ನೋಡುತ್ತಾ ಹೋದೆ. ಆ ತೆಳು ಚರ್ಮವೇ ಕಣ್ಣ ಮುಂದಿತ್ತು. ನಮ್ಮೂರಿನವರ ವಾಟ್ಸಾಪ್ ಗುಂಪುಗಳಿಗೆಲ್ಲ ಫೋಟೊ ಹಾಕಿದೆ. ಎರಡು ಕರೆ ಬಂದವು. ಎರಡೂ ಕಡೆ ಇದ್ದದ್ದು ಬೀದಿಯ ಬಿಳಿ ನಾಯಿಗಳು. ಸಂಜೆ ಮತ್ತೆ ಹೊರಟು, ಕತ್ತಲು ಇಳಿಯುವಾಗ ಹಾರ್ನ್ ಹೊಡೆಯುತ್ತಲೇ ಹಿಂದಿನ ಗೇಟಿಗೆ ಮರಳಿದೆವು. ಮಂಗಳವಾರ ಬೆಳಿಗ್ಗೆ ಮತ್ತೆ ಅದೇ.

ಮಂಗಳವಾರ ಹತ್ತು ಗಂಟೆಗೆ ನಾನು ಅರ್ಬಾಬರಿಗೆ ಹೇಳಿದೆ, ಆಸ್ಪತ್ರೆಗೆ ಹೋಗಿ ಯಜಮಾನರನ್ನು ಕೇಳುತ್ತೇನೆ ಎಂದು. ಅವರಿಗೆ ಸಿಟ್ಟು ಬಂತು. ನಾಳೆ ಎದೆ ಕೊಯ್ಯಿಸಿಕೊಳ್ಳುವ ಮನುಷ್ಯನಿಗೆ ಇಂದು ಇಂಥ ಸುದ್ದಿ ಹೇಳುವುದು ಪಾಪ, ಆಪರೇಶನ್ ಮುಗಿಯಲಿ, ಆಮೇಲೆ ತಾನೇ ಬಂದು ಕಾಲು ಹಿಡಿಯುತ್ತೇನೆ ಎಂದರು. ಅವರ ಮಾತು ತಪ್ಪೆಂದು ನನಗೆ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಈ ನಾಯಿಯನ್ನು ಹೇಗೆ ಹುಡುಕಬೇಕೆಂದು ಇಡೀ ಬಹ್ರೇನಿನಲ್ಲಿ ತಿಳಿದಿದ್ದವರು ಆ ಯಜಮಾನರೊಬ್ಬರೇ. ಅವರು ಗುರುವಾರ ನನಗೆ ಹೇಳಲು ನೋಡಿದ್ದರು, ನಾನು ಏಳು ಜನರ ಸಾಲನ್ನು ನೋಡಿದ್ದೆ.

ವಾರ್ಡಿನ ಬಾಗಿಲಲ್ಲಿ ಸಿಕ್ಕವಳು ಕಾರ್ಕಳದ ಕಡೆಯ ನರ್ಸ್, ನನ್ನ ಗುರುತಿನವಳು. ವಿಷಯ ಕೇಳಿ ನನ್ನ ತೋಳು ಹಿಡಿದು ಬದಿಗೆ ಎಳೆದಳು.

“ಅಕ್ಕ, ನಾಳೆ ಏಳು ಗಂಟೆಗೆ ಅವರನ್ನು ತಿಯೇಟರಿಗೆ ತೆಕ್ಕೊಂಡು ಹೋಗ್ಲಿಕ್ಕುಂಟು. ಬಿಪಿ ಏರಿದ್ರೆ ಆಪರೇಶನೇ ನಿಲ್ತದೆ. ನಾಡಿದ್ದು ಹೇಳಿದ್ರೆ ಆಗುದಿಲ್ವಾ?”

“ನಾಡಿದ್ದಿಗೆ ನಾಯಿ ಇರುದಿಲ್ಲ” ಎಂದೆ.

ಅವಳು ನನ್ನನ್ನು ಒಳಗೆ ಬಿಟ್ಟಳು. ಹತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ ಎಂದಳು.

ಯಜಮಾನರು ಕಿಟಕಿಯ ಬಳಿ ಕುಳಿತಿದ್ದರು. ಎದೆಯ ಕೂದಲು ಬೋಳಿಸಿ ಆಗಿತ್ತು. ನಾನು ನಿಂತೇ ಹೇಳಿದೆ. ಸುತ್ತಿ ಬಳಸಲಿಲ್ಲ. ಅವರ ಮುಖ ಬೂದಿಯಂತಾಯಿತು, ಆದರೆ ಕೂಗಾಡಲಿಲ್ಲ. ಎಲ್ಲಿ ಪಟ್ಟಿ ಜಾರಿತು, ಗಾಳಿ ಯಾವ ಕಡೆಯಿಂದ ಇತ್ತು, ಹೋಗುವಾಗ ಸ್ವರ ಎತ್ತಿದನೇ, ಎಂದು ಒಂದೊಂದಾಗಿ ಕೇಳಿದರು. ಆಮೇಲೆ, ಇದು ಹೆದರುವ ವಿಷಯವೇ ಅಲ್ಲ ಎಂಬಂತೆ ಹೇಳಿದರು:

“ಕೂಗಬೇಡಿ. ಎಲ್ಲರನ್ನೂ ಅಲ್ಲಿಂದ ಕಳಿಸಿ, ನೀವೂ ಇರಬೇಡಿ. ಅವನು ಬೇಟೆ ಮುಗಿಸಿ, ಬಿಟ್ಟ ಜಾಗಕ್ಕೇ ಹಿಂದೆ ಬರುತ್ತಾನೆ. ನಮ್ಮಲ್ಲಿ ಬೇಟೆಯವರು ಸಂಜೆ ಅಲ್ಲಿ ತಮ್ಮ ಕೋಟು ಹಾಸಿ, ನೀರಿಟ್ಟು ಮನೆಗೆ ಹೋಗುತ್ತಾರೆ. ಬೆಳಿಗ್ಗೆ ನಾಯಿ ಅದರ ಮೇಲೆ ಮಲಗಿರುತ್ತದೆ. ಅದಕ್ಕೇ ತಾನೇ ನಾನು ಕೋಟು ಕೊಟ್ಟದ್ದು.”

ಇಸ್ತ್ರಿ ಮಾಡಿಟ್ಟ ಆ ಕೋಟು, ಅದರ ಮೇಲಿನ ಕವರು ಕಣ್ಣಿಗೆ ಕಟ್ಟಿದವು. ಕೋಟನ್ನು ಒಗೆದಿದ್ದೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲವೆಂದು ತೋರಿತು, ಇನ್ನೊಂದು ಸಲ ಹೇಳಬೇಕಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಅವರು ತಮ್ಮ ಆಸ್ಪತ್ರೆಯ ಅಂಗಿಯ ತೋಳನ್ನು ಮೂಸಿ ತಲೆ ಅಲ್ಲಾಡಿಸಿದರು. ಆಪರೇಶನ್‌ಗೆಂದು ಬೆಳಿಗ್ಗೆಯಷ್ಟೇ ಔಷಧಿಯ ಸಾಬೂನಿನಿಂದ ಮೈ ತೊಳೆಸಿದ್ದರು, ಹಾಸಿಗೆಯ ಬಟ್ಟೆ ದಿನವೂ ಬದಲಾಗುತ್ತಿತ್ತು. ಅವರ ವಾಸನೆ ಇದ್ದ ವಸ್ತು ಆ ಕೋಣೆಯಲ್ಲಿ ಒಂದೇ ಇತ್ತು. ಕಪಾಟಿನ ಕೆಳಗೆ ಅವರು ಮೆಟ್ಟಿಕೊಂಡು ಬಂದಿದ್ದ ಚರ್ಮದ ಬೂಟು. ಅದನ್ನು ತೋರಿಸಿ, ತೆಗೆದುಕೊಂಡು ಹೋಗಿ ಎಂದರು.

ಅರ್ಬಾಬರಿಗೆ ವಿಷಯ ತಿಳಿಸುವುದು ಸುಲಭವಿರಲಿಲ್ಲ. ನಾಯಿ ಬಿಸಿಲಲ್ಲಿ ಸಾಯುತ್ತಿರುವಾಗ ಗಂಡಸರು ಮನೆಯಲ್ಲಿ ಕೂತು ಬೂಟು ಕಾಯಬೇಕೇ ಎಂದು ಕೇಳಿದರು. ಕಾಕ ನನ್ನ ಪರವಾಗಿ ಹಿಂದಿಯಲ್ಲೂ ಅರಬ್ಬಿಯಲ್ಲೂ ಏನೇನೋ ಹೇಳಿದರು. ಕೊನೆಗೆ ಅರ್ಬಾಬರು ಜೀಪುಗಳನ್ನು ವಾಪಸು ಕರೆಸಿದರು. ಸಂಜೆ ಐದಕ್ಕೆ ಹಿಂದಿನ ಗೇಟಿನ ಹೊರಗೆ, ಪಟ್ಟಿ ಜಾರಿದ ಜಾಗದಲ್ಲೇ, ಬೂಟುಗಳನ್ನು ಅಡ್ಡಕ್ಕೆ ಮಲಗಿಸಿ ಇಟ್ಟೆ. ನನ್ನ ವಾಸನೆ ಅಂಟಬಾರದೆಂದು ಕೈಗೆ ಹೊಸ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದೆ. ಒಂದು ಬೋಗುಣಿ ನೀರಿಟ್ಟೆ. ಆ ಕಡೆಯ ದೀಪ ಆರಿಸಿ ಎಲ್ಲರೂ ಮುಂಬಾಗಿಲಿನಿಂದ ಹೊರಟುಹೋದೆವು. ಏನೂ ಮಾಡದೆ ಇರುವುದೇ ಅಂದಿನ ಕೆಲಸ, ನಾನು ಮಾಡಿದ ಕೆಲಸಗಳಲ್ಲೆಲ್ಲ ಕಷ್ಟದ್ದು.

ಬುಧವಾರ ನಸುಕಿಗೆ ಅವನು ಅಲ್ಲಿದ್ದ.

ಒಂದು ಬೂಟಿನ ಮೇಲೆ ಗಲ್ಲ ಊರಿ ಮಲಗಿದ್ದ. ಬೋಗುಣಿಯ ನೀರು ಕಾಲುಭಾಗವೂ ಇಳಿದಿರಲಿಲ್ಲ. ಬೆನ್ನಿನ ಉದ್ದಕ್ಕೂ ಚರ್ಮ ಸುಟ್ಟು ಸುಲಿದಿತ್ತು, ಅಂಗಾಲಿನ ಮೆತ್ತೆಗಳು ಕಿತ್ತುಬಂದಿದ್ದವು. ನನ್ನನ್ನು ಕಂಡು ಬಾಲವನ್ನು ಒಂದು ಸಲ ಆಡಿಸಿದ. ನಾನು ಮರಳಿನಲ್ಲಿ ಕೂತು ಅತ್ತೆ. ಕಾಕ ಅವನನ್ನು ಒದ್ದೆ ಟವಲಿನಲ್ಲಿ ಎತ್ತಿಕೊಂಡರು, ಬೂಟುಗಳನ್ನೂ ಜೊತೆಗೇ ತಂದರು.

ನಮ್ಮ ಪಶುವೈದ್ಯೆ ಅಷ್ಟರಲ್ಲಿ ಬಂದಿದ್ದರು. ಐಸ್ ಇಡಕೂಡದು, ಸಾಧಾರಣ ತಣ್ಣೀರು ಮತ್ತು ಫ್ಯಾನು ಸಾಕು ಎಂದರು. ಮುಂಗಾಲಿಗೆ ಸೂಜಿ ಹಾಕಿ ಡ್ರಿಪ್ ಕೊಟ್ಟರು. ರಕ್ತ ಪರೀಕ್ಷೆಯ ಕಾಗದ ನೋಡಿ ಅವರು ಅದನ್ನು ನನ್ನ ಕಡೆ ತಿರುಗಿಸಿದರು. ಮೂತ್ರಪಿಂಡ ಹೋಗಿತ್ತು. ಮೂತ್ರ ಬರುತ್ತದೆಯೇ ಎಂದು ಗಂಟೆಗಂಟೆಗೂ ಕೆಳಗಿನ ಹಾಳೆಯನ್ನು ತೂಗಿ ನೋಡಿ ಬರೆದಿಟ್ಟೆ. ಗುರುವಾರ ರಾತ್ರಿಯ ಹೊತ್ತಿಗೆ ಹಾಳೆ ಒಣಗಿಯೇ ಇರುತ್ತಿತ್ತು. ಒಂದು ದಿನ ಮುಂಚೆ ಸಿಕ್ಕಿದ್ದರೆ ಉಳಿಯುತ್ತಿದ್ದ ಎಂದು ವೈದ್ಯೆ ಅಂದರು. ಯಾರನ್ನೂ ದೂರಿ ಹೇಳಿದ್ದಲ್ಲ, ಲೆಕ್ಕದ ಹಾಗೆ ಹೇಳಿದ್ದು.

ಆ ಮಾತು ಕೇಳಿದ ಮೇಲೆ ನಾನು ಹಿಂದಿನ ಗೇಟಿನ ಕ್ಯಾಮೆರಾ ತೆರೆದು ನೋಡಿದೆ. ನೋಡದೆ ಇರಬಹುದಿತ್ತು. ಸೋಮವಾರ ಸಂಜೆ, ನಾವೆಲ್ಲ ಪೈಪುಗಳ ಹತ್ತಿರ ಹೆಸರು ಕೂಗುತ್ತಿದ್ದಾಗ, ಅವನು ಗೇಟಿಗೆ ಬಂದಿದ್ದ. ಇನ್ನೂ ಗಟ್ಟಿಯಾಗಿಯೇ ಇದ್ದ. ಪಟ್ಟಿ ಜಾರಿದ ಜಾಗವನ್ನು ಸುತ್ತು ಹಾಕಿ ಮೂಸಿದ. ಏನನ್ನೋ ಹುಡುಕುವವನ ಹಾಗೆ ಮತ್ತೆ ಮತ್ತೆ ಅಲ್ಲಲ್ಲೇ ತಿರುಗಿ ಮೂಸಿದ. ಕೊನೆಗೆ ಬರೀ ಮರಳಿನ ಮೇಲೆ ಮಲಗಿದ. ಇಪ್ಪತ್ತು ನಿಮಿಷ ಮಲಗಿದ್ದ. ಆಮೇಲೆ ಜೀಪಿನ ಬೆಳಕು ಬಂತು, ಅವನು ಎದ್ದು ಕತ್ತಲೆಗೆ ಹೋದ. ಜೀಪಿನಿಂದ ಇಳಿದು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗುತ್ತಾ ಬಂದವಳು ನಾನೇ.

ಶುಕ್ರವಾರ ಮಧ್ಯಾಹ್ನ ವೈದ್ಯೆ ಕೇಳಿದರು, ಇನ್ನು ನರಳಿಸುವುದು ಯಾಕೆ ಎಂದು. ಯಜಮಾನರಿನ್ನೂ ಐಸಿಯುನಲ್ಲಿ ನಳಿಕೆಗಳ ಮಧ್ಯೆ ಇದ್ದರು. ಅವರು ಕೊಟ್ಟ ಫಾರಂನಲ್ಲಿ ತುರ್ತಿಗೆ ಕೆನೆಲ್‌ನವರೇ ನಿರ್ಧರಿಸಬಹುದು ಎಂದು ಸಹಿ ಇತ್ತು. ನಾನು ಅದರ ಕೆಳಗೆ ನನ್ನ ಸಹಿ ಹಾಕಿದೆ. ಸೂಜಿ ಚುಚ್ಚುವಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು. ಜಾತಿಯ ಕಾಲಂನಲ್ಲಿ ಇನ್ನೂ ‘ಮಿಶ್ರ’ ಎಂದೇ ಇದ್ದದ್ದನ್ನು ಆಮೇಲೆ ನೋಡಿ ತಿದ್ದಿದೆ.

ಯಜಮಾನರಿಗೆ ಆಪರೇಶನ್ ಚೆನ್ನಾಗಿಯೇ ಆಯಿತು. ಮುಂದಿನ ಬುಧವಾರ ಅವರನ್ನು ವಾರ್ಡಿಗೆ ತಂದರು. ಈ ಸಲ ಅರ್ಬಾಬರೂ ಬರುತ್ತೇನೆಂದರು, ನಾನೇ ಬೇಡವೆಂದೆ. ನನ್ನನ್ನು ಕಾಣುತ್ತಲೇ ಯಜಮಾನರಿಗೆ ತಿಳಿಯಿತು. ಕಣ್ಣು ಮುಚ್ಚಿಕೊಂಡರು. ನಾನು ಮಂಚದ ಪಕ್ಕದಲ್ಲಿ ಕೂತು, ಬೂಟಿನ ಮೇಲೆ ಗಲ್ಲ ಇಟ್ಟು ಮಲಗಿದ್ದನ್ನು ಹೇಳಿದೆ, ಬಾಲ ಆಡಿಸಿದ್ದನ್ನು ಹೇಳಿದೆ, ಸಹಿ ಹಾಕಿದ್ದನ್ನೂ ಹೇಳಿದೆ. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಎದೆಯ ಹೊಲಿಗೆ ನೋಯದ ಹಾಗೆ ಸಣ್ಣದಾಗಿ ಉಸಿರೆಳೆದು ಅಳುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಅದಕ್ಕೂ ಮುಂಚೆ ಅವನು ಒಮ್ಮೆಯೂ ಹಿಂದೆ ಬಂದಿರಲಿಲ್ಲವೇ?”

ಆಪರೇಶನ್‌ನ ಹಿಂದಿನ ದಿನ, ಎಲ್ಲರೂ ಬೇಡವೆಂದರೂ, ಇದೇ ಮನುಷ್ಯನಿಗೆ ನಿಜ ಹೇಳಿದವಳು ನಾನು. ಹೇಳಲೇಬೇಕೆಂದು ಹಟ ಹಿಡಿದವಳು. ಕ್ಯಾಮೆರಾದಲ್ಲಿ ಕಂಡದ್ದೆಲ್ಲ ಬಾಯಿಯವರೆಗೂ ಬಂತು.

“ಇಲ್ಲ” ಎಂದೆ.

ಅವರು ಮೆಲ್ಲಗೆ ನನ್ನ ಕೈ ಹಿಡಿದುಕೊಂಡರು. ಹಾಗಾದರೆ ಕೋಟು ಒಗೆದದ್ದರಿಂದ ಏನೂ ಆಗಲಿಲ್ಲ, ಅವನು ದೂರ ಹೋಗಿಬಿಟ್ಟಿದ್ದ, ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ತಮ್ಮ ನಾಯಿಯನ್ನು ಕಳೆದುಕೊಂಡವರು ಅವರು. ಅವರೇ ನನ್ನನ್ನು ಸಮಾಧಾನ ಮಾಡಿದರು, ನಾನು ಮಾಡಿಸಿಕೊಂಡೆ.